ವಂಶಾವಳಿಯೂ ಚರಿತ್ರೆಯೂ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮನೆತನಗಳ ವೃತ್ತಾಂತಗಳನ್ನು ಕುರಿತ ಒಂದು ವಿಮರ್ಶೆ

೧

ಒಂದು ಸೀಮೆಯ ಚರಿತ್ರೆಯು ಶಾಸನಗಳಿಂದಲೂ ಗ್ರಂಥಗಳಿಂದಲೂ ತಿಳಿಯುವಂತೆ, ಆ ಸೀಮೆಯ ಮನೆತನಗಳು ತಮ್ಮನ್ನು ಕುರಿತು ತಾವೇ ಹೇಳಿಕೊಂಡು ಬಂದ ಮಾತುಗಳಿಂದಲೂ ತಿಳಿಯುತ್ತದೆ. ಈ ಎರಡನೆಯ ಬಗೆಯ ಸಾಮಗ್ರಿಯನ್ನು ಕನ್ನಡದಲ್ಲಿ ಮೊದಲು ಕೂಡಿಹಾಕಿದವರು ಬಹುಮಟ್ಟಿಗೆ ವೃತ್ತಿಯಿಂದ ಚರಿತ್ರಕಾರರಾದವರಲ್ಲ. ಅಮಲ್ದಾರಿಕೆ, ಜೋಯಿಸಿಕೆ, ಉಪಾಧ್ಯಾಯವೃತ್ತಿ ಮೊದಲಾದ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು, ಹಳೆಯ ಮನೆಗಳ ಅಟ್ಟಗಳಲ್ಲಿದ್ದ ಕಡತಗಳನ್ನು ಬಿಚ್ಚಿ ನೋಡಿ, ವೃದ್ಧರ ಬಾಯಿಂದ ಕೇಳಿದುದನ್ನು ಬರೆದಿಟ್ಟ ಹವ್ಯಾಸಿಗಳಿಂದಲೇ ಈ ಕಾರ್ಯವು ನಡೆದಿದೆ. ಇಂತಹವರ ಬರಹಗಳನ್ನು ಪಂಡಿತರು ಎರಡು ರೀತಿಯಲ್ಲಿ ಕಾಣುವುದುಂಟು. ಕೆಲವರು ಅವನ್ನು ಕಟ್ಟುಕಥೆಯೆಂದು ತಳ್ಳಿಬಿಡುವರು. ಕೆಲವರು ಊರಿನ ಅಭಿಮಾನಕ್ಕೆ ಕಟ್ಟುಬಿದ್ದು ಅಕ್ಷರಶಃ ನಂಬುವರು. ಎರಡೂ ವಿಮರ್ಶೆಯ ಮಾರ್ಗವಲ್ಲ. ವಂಶವೃತ್ತಾಂತವನ್ನು ಯಾವ ಅಳತೆಯಿಂದ ಅಳೆಯಬೇಕೆಂಬುದನ್ನು ಚಿತ್ರದುರ್ಗದ ಜಿಲ್ಲೆಯ, ವಿಶೇಷವಾಗಿ ಅದರ ಈಶಾನ್ಯಭಾಗವಾದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ, ನಿದರ್ಶನದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರ ಬೆಟ್ಟ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳು ೧೮೯೨ರಲ್ಲಿ ಬಿ. ಎಲ್. ರೈಸ್ ಅವರಿಂದ ಬೆಳಕಿಗೆ ಬಂದುವು. ಅವುಗಳಲ್ಲಿ ಕಾಣುವ ಇಸಿಲವೆಂಬ ಹೆಸರು ಕರ್ಣಾಟಕದಲ್ಲಿ ಬರಹದಲ್ಲಿ ದೊರೆತ ಅತಿ ಪ್ರಾಚೀನವಾದ ಸ್ಥಳನಾಮಗಳಲ್ಲೊಂದು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಿಂದ ಈ ನೆಲದಲ್ಲಿ ಶಾಸನಕಾಲಕ್ಕಿಂತ ಹಿಂದೆಯೂ ಜನವಸತಿಯಿದ್ದುದು ಸ್ಪಷ್ಟವಾಯಿತು. ಬರಹವು ಇಷ್ಟು ಹಿಂದೆಯೇ ಬಂದ ನೆಲದಲ್ಲಿ, ನೆಲದ ಮಕ್ಕಳಾದ ಬೇಡರೂ ಕಾಡುಗೊಲ್ಲರೂ ತಮ್ಮ ವಂಶಗಳ ನೆನಪನ್ನು ಬಹುಕಾಲ ಬರಹಕ್ಕೆ ಒಪ್ಪಿಸದೆ ಹಾಡಿಗೂ ದೇವರ ಗುಡಿಗೂ ಒಪ್ಪಿಸಿ ಕಾಪಾಡಿದರು. ಬರೆದ ನೆನಪೂ ಹಾಡಿದ ನೆನಪೂ ಒಂದೇ ಸೀಮೆಯಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವುದರಿಂದ ಎರಡನ್ನೂ ತೂಗಿನೋಡಲು ಇದಕ್ಕಿಂತ ತಕ್ಕ ಕ್ಷೇತ್ರವು ವಿರಳ.

೨

ಹವ್ಯಾಸಿಯು ಕಾಲಿಡುವುದಕ್ಕೆ ಮುಂಚೆ ವಂಶಾವಳಿಯು ಕೆಲವರ ವೃತ್ತಿಯಾಗಿದ್ದಿತು. ಹೆಳವರೆಂಬ ಜನರು ಎತ್ತನ್ನೇರಿ ಗಂಟೆಯನ್ನು ಬಾರಿಸುತ್ತ ಸುಗ್ಗಿಯ ಕಾಲಕ್ಕೆ ಒಕ್ಕಲು ಮನೆಗಳ ಮುಂದೆ ನಿಂತು, ಆಯಾ ಮನೆಯ ಮೂಲಪುರುಷನಿಂದ ಮೊದಲ್ಗೊಂಡು ತಲೆಮಾರುಗಳನ್ನು ಹೇಳಿ ಧಾನ್ಯವನ್ನು ಪಡೆಯುತ್ತಿದ್ದರು. ಒಕ್ಕಲಿನ ಹೊಗಳಿಕೆಯಿಂದ ಹೊಟ್ಟೆ ಹೊರೆಯಬೇಕಾದವನ ಬಾಯಲ್ಲಿ ಒಕ್ಕಲಿನ ಕುಲವು ಕೀಳಾಗುವುದುಂಟೆ? ಆದರೂ ಹೆಳವನಿಗೆ ಒಂದು ಅಂಕುಶವಿದ್ದಿತು. ಕೇಳುವವರಲ್ಲಿ ದಾಯಾದಿಗಳೂ ಇರುತ್ತಿದ್ದರು; ಒಬ್ಬನ ಹೆಸರನ್ನು ಬಿಟ್ಟರೆ ಅಲ್ಲಿಯೇ ತಕರಾರು ಹುಟ್ಟುತ್ತಿತ್ತು. ಆದುದರಿಂದ ಮೂಲಪುರುಷನ ವಿಷಯದಲ್ಲಿ ಹೆಳವನ ಮಾತು ಸಡಿಲವಾಗಿದ್ದರೂ, ಈಚಿನ ಮೂರು ನಾಲ್ಕು ತಲೆಗಳ ವಿಷಯದಲ್ಲಿ ಬಿಗಿಯಾಗಿರುತ್ತಿತ್ತೆಂದು ಹೇಳಬಹುದು.

ಎರಡನೆಯದು ಶ್ಯಾನುಭೋಗರ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಈ ಪುಸ್ತಕದಲ್ಲಿ ಬರೆದುದನ್ನು ಒರಸಿ ಮತ್ತೆ ಬರೆಯುವುದಕ್ಕೂ ಆಸ್ಪದವಿತ್ತು. ಕಡತದ ಗುಣವೂ ದೋಷವೂ ಇದರಲ್ಲಿಯೇ ಅಡಗಿವೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯ ಮೋಜಣಿಯನ್ನು ಕೈಕೊಂಡ ಕಾಲಿನ್ ಮೆಕೆಂಜಿಯವರ ಸಹಾಯಕರು ಊರೂರಿನ ವೃತ್ತಾಂತಗಳನ್ನು ಬರೆಯಿಸಿಕೊಂಡರು. ಕೈಫಿಯತ್ತುಗಳೆಂಬ ಈ ಬರಹಗಳಿಗೆ ಆಧಾರವಾದುವು ಬಹುಪಾಲು ಇಂತಹ ಕಡತಗಳು ಮತ್ತು ಊರ ಹಿರಿಯರ ಹೇಳಿಕೆಗಳು. ಕನ್ನಡ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ೧೯೯೪ರಲ್ಲಿ ಒಂದೆಡೆ ಪ್ರಕಟವಾದ ಮೇಲೆ ಅವುಗಳ ಸ್ವಭಾವವು ಎಲ್ಲರಿಗೂ ಗೋಚರವಾಗಿದೆ.

ಇವನ್ನು ಓದುವಾಗ ಮರೆಯಬಾರದ ಸಂಗತಿಯೊಂದಿದೆ. ಹೊಸ ಸರ್ಕಾರವು ಬಂದು, ಯಾವ ಇನಾಮು ಉಳಿಯುವುದು, ಯಾವ ಉಂಬಳಿ ಹೋಗುವುದು ಎಂಬ ಅಂಜಿಕೆ ನೆಲೆಸಿದ್ದ ಕಾಲದಲ್ಲಿ ಸರ್ಕಾರದ ಮನುಷ್ಯನ ಎದುರಿಗೆ ಹೇಳಿದ ಮಾತುಗಳಿವು. ತಮ್ಮ ಹಿರಿಯರಿಗೆ ವಿಜಯನಗರದ ಅರಸನೇ ನೆಲವನ್ನು ಕೊಟ್ಟನೆಂದು ಒಂದು ಮನೆತನದವರು ಹೇಳಿದರೆ, ಅದು ಹಕ್ಕಿನ ವಾದವೂ ಹೌದು. ಚರಿತ್ರೆಯ ಮಾತಿನಲ್ಲಿ ಹೊಲದ ಎಲ್ಲೆಯು ಅಡಗಿರುವುದನ್ನು ಕಾಣದವನು ಕೈಫಿಯತ್ತನ್ನು ಅರ್ಧ ಮಾತ್ರ ಓದಿದವನಾಗುತ್ತಾನೆ.

೩

ಹವ್ಯಾಸಿಗಳ ಸಾಲಿನಲ್ಲಿ ಮೊದಲು ಹೇಳಬೇಕಾದ ಹೆಸರು ಎಂ. ಎಸ್. ಪುಟ್ಟಣ್ಣನವರದು. ೧೮೫೪ರಲ್ಲಿ ಹುಟ್ಟಿ ೧೯೩೦ರಲ್ಲಿ ಕಾಲವಾದ ಇವರು ಮೈಸೂರು ಸರ್ಕಾರದ ಸೇವೆಯಲ್ಲಿ ಅಮಲ್ದಾರರಾಗಿ ಹಲವು ತಾಲ್ಲೂಕುಗಳನ್ನು ಕಂಡವರು. ೧೯೧೫ರಲ್ಲಿ ಹೊರಬಂದ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಕಾದಂಬರಿಯಿಂದ ಇವರು ಸಾಹಿತ್ಯಾಭ್ಯಾಸಿಗಳಿಗೆ ಚಿರಪರಿಚಿತರು. ಪಾಳೆಯಗಾರರ ಚರಿತ್ರೆಗಳಿಗಾಗಿ ಇವರನ್ನು ನೆನೆಯುವವರು ಕಡಮೆ. ‘ಚಿತ್ರದುರ್ಗದ ಪಾಳಯಗಾರರು’ ಎಂಬ ಗ್ರಂಥವು ೧೯೨೪ರಲ್ಲಿ ಪ್ರಕಟವಾಯಿತು; ಹಾಗಲವಾಡಿ, ಇಕ್ಕೇರಿ ಮೊದಲಾದ ಮನೆತನಗಳನ್ನು ಕುರಿತೂ ಇವರು ಬರೆದರು. ಮೈಸೂರು ಸೀಮೆಯ ಚರಿತ್ರೆಯ ಮುಖ್ಯ ಗ್ರಂಥಗಳು ಇಂಗ್ಲಿಷಿನಲ್ಲಿದ್ದು, ರೈಸ್ ಅವರ ಗೆಜೆಟಿಯರಿನ ಪರಿಷ್ಕೃತ ಮುದ್ರಣವಾದ ೧೮೯೭ರ ಸಂಪುಟಗಳೇ ಪ್ರಮಾಣವಾಗಿದ್ದ ಕಾಲದಲ್ಲಿ, ಸಣ್ಣ ಸಂಸ್ಥಾನಗಳ ಕಥೆಯನ್ನು ಅಲ್ಲಿಯ ಜನರ ಭಾಷೆಯಲ್ಲಿಯೇ ಅವರ ಕೈಗೆ ಕೊಟ್ಟದ್ದು ಅಲ್ಪವಾದ ಉಪಕಾರವಲ್ಲ. ಮನುಷ್ಯರ ನಡತೆಯಲ್ಲಿ ಕಾದಂಬರಿಕಾರನಿಗಿರುವ ಕುತೂಹಲವು ಚರಿತ್ರಕಾರನಿಗೂ ಒದಗಿದುದು ಇವರ ಭಾಗ್ಯ. ಕುಣಿಗಲು ರಾಮಶಾಸ್ತ್ರಿಗಳ ಜೀವನಚರಿತ್ರೆಯನ್ನು ಬರೆದವರೂ ಇವರೇ ಎಂಬುದನ್ನು ನೆನೆದರೆ, ಅರಸರ ಪಟ್ಟಿಗಿಂತ ವ್ಯಕ್ತಿಗಳ ಬಾಳಿನ ಕಡೆಗೆ ಇವರ ಒಲವು ಹೆಚ್ಚೆಂಬುದು ತೋರುತ್ತದೆ.

ಆದರೆ ಪಟ್ಟವನ್ನೇ ನಡುಗಂಬವಾಗಿ ನಿಲ್ಲಿಸಿಕೊಂಡು ಬರೆಯುವ ಚರಿತ್ರೆಗೆ ಒಂದು ಮಿತಿ ಸಹಜವಾಗಿಯೇ ಇದೆ. ದುರ್ಗದ ಮೇಲೆ ನಿಂತು ನೋಡುವ ಕಣ್ಣಿಗೆ ನಾಯಕನಹಟ್ಟಿ, ದೊಡ್ಡೇರಿ, ಮೊಳಕಾಲ್ಮೂರುಗಳ ಮನೆತನಗಳು ನೆಂಟರಾಗಿಯೋ ಹಗೆಗಳಾಗಿಯೋ ಅಧೀನರಾಗಿಯೋ ಮಾತ್ರ ಕಾಣಿಸಿಕೊಳ್ಳುತ್ತವೆ. ಅವುಗಳಿಗೆ ತಮ್ಮದೇ ಆದ ಕಥೆಯುಂಟೆಂಬುದು ಮರೆಯಾಗುತ್ತದೆ.

ಎರಡನೆಯ ಹೆಸರು ಹುಲ್ಲೂರು ಶ್ರೀನಿವಾಸ ಜೋಯಿಸರದು. ದುರ್ಗದ ಸುತ್ತಣ ಓಲೆ, ಕಡತ, ನಾಣ್ಯ, ಆಯುಧಗಳನ್ನು ಅರಸಿ ಕೂಡಿಸುವುದರಲ್ಲಿಯೇ ಇವರ ಬಾಳು ಸವೆಯಿತು. ಚಿತ್ರದುರ್ಗದ ವಸ್ತುಸಂಗ್ರಹಾಲಯವು ನೆಲೆಗೊಂಡುದು ಇವರ ಪ್ರಯತ್ನದಿಂದ. ತ. ರಾ. ಸುಬ್ಬರಾಯರ ದುರ್ಗದ ಕಾದಂಬರಿಗಳಿಗೆ ಒದಗಿದ ಚರಿತ್ರಸಾಮಗ್ರಿಯಲ್ಲಿ ಜೋಯಿಸರ ಪಾಲು ದೊಡ್ಡದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ೧೯೮೨ರ ‘ದುರ್ಗಾಸ್ತಮಾನ’ದವರೆಗಿನ ಕೃತಿಗಳನ್ನು ಓದಿದ ಕನ್ನಡಿಗರು ನಾಯಕರ ವಂಶವನ್ನು ತಮ್ಮ ನೆಂಟರ ವಂಶದಷ್ಟು ಸಲಿಗೆಯಿಂದ ಬಲ್ಲರು. ಸಂಗ್ರಹಕಾರನ ಶ್ರಮಕ್ಕೆ ಇದಕ್ಕಿಂತ ಹೆಚ್ಚಿನ ಫಲವು ದೊರೆಯುವುದು ಅಪೂರ್ವ. ಆದರೆ ಇದರಿಂದಲೇ ಅಧ್ಯಾಪಕರಿಗೆ ಒಂದು ತೊಡಕು ಒದಗಿದೆ: ಕಾದಂಬರಿಯ ಸಂಭಾಷಣೆಯು ವಿದ್ಯಾರ್ಥಿಗಳ ಮನಸ್ಸಿನಲ್ಲಿ ದಾಖಲೆಯ ಸ್ಥಾನವನ್ನು ಪಡೆದಿದೆ. ಕಾದಂಬರಿಕಾರನ ಕಲ್ಪನೆ ಯಾವುದು, ಕಡತದ ಹೇಳಿಕೆ ಯಾವುದು ಎಂದು ಬೇರ್ಪಡಿಸುವುದಕ್ಕೆ ಸಂಗ್ರಹಕ್ಕೆ ಹಿಂತಿರುಗುವುದೊಂದೇ ದಾರಿ.

೪

ಈಗ ವಂಶಾವಳಿಯನ್ನೇ ಪರೀಕ್ಷಿಸೋಣ. ಚಿತ್ರದುರ್ಗದ ನಾಯಕರ ಪಟ್ಟಿಯು ಸಾಮಾನ್ಯವಾಗಿ ೧೫೬೮ರಲ್ಲಿ ತಿಮ್ಮಣ್ಣನಾಯಕನಿಂದ ಆರಂಭವಾಗಿ, ೧೭೭೯ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದಾಗ ಆಳುತ್ತಿದ್ದ ಕಡೆಯ ಮದಕರಿನಾಯಕನಲ್ಲಿ ಮುಗಿಯುತ್ತದೆ. ೨೧೧ ವರ್ಷಗಳಲ್ಲಿ ೧೩ ಮಂದಿ. ಸರಾಸರಿಯಲ್ಲಿ ಒಬ್ಬೊಬ್ಬರಿಗೆ ೧೬ ವರ್ಷ. ಆದರೆ ಈ ಸರಾಸರಿಯು ನಿಜವಾದ ಆಳ್ವಿಕೆಗಳನ್ನು ಮರೆಮಾಡುತ್ತದೆ. ಮೊದಲನೆಯ ಕಸ್ತೂರಿರಂಗಪ್ಪನಾಯಕನೊಬ್ಬನೇ ೧೬೦೨ರಿಂದ ೧೬೫೨ರವರೆಗೆ ೫೦ ವರ್ಷ ಆಳಿದನೆಂದು ಹೇಳಿದೆ. ಇದಕ್ಕೆ ವಿರುದ್ಧವಾಗಿ, ೧೬೭೪ರಿಂದ ೧೬೮೯ರವರೆಗಿನ ೧೫ ವರ್ಷಗಳಲ್ಲಿ ಓಬಣ್ಣ, ಶೂರಕಾಂತ, ಚಿಕ್ಕಣ್ಣ, ಮದಕರಿ, ದೊಣ್ಣೆ ರಂಗಪ್ಪ ಎಂದು ಐವರು ನಾಯಕರು ಬಂದು ಹೋದರು. ದಳವಾಯಿಗಳು ಪಟ್ಟವನ್ನು ಕಟ್ಟಿ ಇಳಿಸುತ್ತಿದ್ದ ಕಾಲವದು. ಹದಿನೈದು ವರ್ಷಗಳಲ್ಲಿ ಐದು ತಲೆಮಾರುಗಳು ಸಾಗುವುದು ಅಸಂಭವವೆಂದು ಬೇರೆ ಹೇಳಬೇಕಾಗಿಲ್ಲ. ಪಟ್ಟದ ಪರಂಪರೆ ಬೇರೆ, ತಂದೆಮಕ್ಕಳ ಪರಂಪರೆ ಬೇರೆ.

ಈ ಭೇದವನ್ನು ಮರೆತರೆ ಆಗುವ ಅನರ್ಥವನ್ನು ಒಂದು ಲೆಕ್ಕದಿಂದ ತೋರಿಸಬಹುದು. ಹಳೆಯ ಪಟ್ಟಿಯೊಂದರಲ್ಲಿ ಇಸವಿಗಳಿಲ್ಲದೆ ಹದಿಮೂರು ಹೆಸರುಗಳು ಮಾತ್ರ ದೊರೆತುವೆಂದು ಇಟ್ಟುಕೊಳ್ಳೋಣ. ತಲೆಮಾರಿಗೆ ೨೫ ವರ್ಷವೆಂದು ಎಣಿಸುವ ವಾಡಿಕೆಯಂತೆ ೧೩ ಹೆಸರುಗಳಿಗೆ ೩೨೫ ವರ್ಷಗಳಾಗುತ್ತವೆ. ೧೭೭೯ರಿಂದ ಹಿಂದಕ್ಕೆ ಎಣಿಸಿದರೆ ವಂಶದ ಆರಂಭವು ೧೪೫೪ಕ್ಕೆ ಹೋಗಿ ನಿಲ್ಲುತ್ತದೆ. ಎಂದರೆ ಒಂದು ಶತಮಾನಕ್ಕಿಂತ ಹೆಚ್ಚಿನ ಹುಸಿಯಾದ ಪ್ರಾಚೀನತೆಯು ಯಾರೂ ಸುಳ್ಳು ಹೇಳದೆಯೇ ಹುಟ್ಟಿಕೊಳ್ಳುತ್ತದೆ. ಚಳ್ಳಕೆರೆ ಸೀಮೆಯ ಸಣ್ಣ ಮನೆತನಗಳ ಪಟ್ಟಿಗಳಲ್ಲಿ ಇಸವಿಗಳು ಇನ್ನೂ ವಿರಳವಾಗಿರುವುದರಿಂದ ಅಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಿರಬೇಕು.

ಇನ್ನೊಂದು ತೊಡಕು ಹೆಸರುಗಳ ಪುನರಾವೃತ್ತಿ. ದುರ್ಗದ ಪಟ್ಟಿಯಲ್ಲಿ ಮದಕರಿಯೆಂಬ ಹೆಸರೂ ಓಬಣ್ಣ, ಕಸ್ತೂರಿರಂಗಪ್ಪ ಎಂಬ ಹೆಸರುಗಳೂ ಮರಳಿ ಮರಳಿ ಬರುತ್ತವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ದೇಶದ ಪದ್ಧತಿಯಿಂದ ಹೀಗಾಗುವುದು ಸಹಜ. ಇದರಿಂದ ಎರಡು ಬಗೆಯ ದೋಷಗಳು ಸಂಭವಿಸುತ್ತವೆ: ಇಬ್ಬರು ಮದಕರಿಗಳ ಪರಾಕ್ರಮವು ಒಬ್ಬನ ತಲೆಯ ಮೇಲೆ ಕೂಡುವುದು, ಒಬ್ಬನ ಕಾರ್ಯವು ಇಬ್ಬರಿಗೆ ಹಂಚಿಹೋಗುವುದು. ಮಾಯಕೊಂಡದ ಕಾಳಗದಲ್ಲಿ ಮಡಿದ ಹಿರಿಯ ಮದಕರಿನಾಯಕನೂ ಹೈದರನಿಗೆ ಸೆರೆಸಿಕ್ಕ ಕಡೆಯ ಮದಕರಿನಾಯಕನೂ ಜನರ ಮಾತಿನಲ್ಲಿ ಬೆರೆಯುವುದು ಇದರಿಂದಲೇ. ಕಡೆಯವನು ಪಟ್ಟಕ್ಕೆ ಬಂದ ವರ್ಷವನ್ನು ಕೆಲವರು ೧೭೫೪ ಎಂದೂ ಕೆಲವರು ೧೭೫೮ ಎಂದೂ ಬರೆದಿರುವುದನ್ನು ನೋಡಿದರೆ, ಇಷ್ಟು ಈಚಿನ ಸಂಗತಿಯಲ್ಲಿಯೂ ಪರೀಕ್ಷೆಗೆ ಅವಕಾಶವುಂಟೆಂಬುದು ವಿದಿತವಾಗುತ್ತದೆ.

ಬಿಳಿಚೋಡು ಭರಮಣ್ಣನಾಯಕನ ಹೆಸರು ಈ ವಿಷಯದಲ್ಲಿ ದಾರಿದೀಪದಂತಿದೆ. ೧೬೮೯ರಿಂದ ೧೭೨೧ರವರೆಗೆ ಆಳಿದ ಇವನ ಹೆಸರಿನ ಮುಂದೆ ಬೇರೊಂದು ಊರಿನ ಹೆಸರು ನಿಂತಿದೆ. ದಳವಾಯಿಗಳ ಗೊಂದಲದ ಬಳಿಕ ಪಟ್ಟವು ದುರ್ಗದ ಅರಮನೆಯೊಳಗಿನ ಕವಲಿನಿಂದ ಹೊರಗಿನ ಕವಲಿಗೆ ಸರಿದುದನ್ನು, ಪಟ್ಟಿಯನ್ನು ಬರೆದವನು ಮುಚ್ಚಿಟ್ಟರೂ, ಆ ಊರ ಹೆಸರು ಬಿಟ್ಟುಕೊಡುತ್ತದೆ. ವಂಶಾವಳಿಯಲ್ಲಿ ಇಂತಹ ಸಣ್ಣ ಗುರುತುಗಳನ್ನು ಹುಡುಕುವುದೇ ವಿಮರ್ಶಕನ ಮುಖ್ಯ ಕೆಲಸ.

೫

ಬರಹದ ವಂಶಾವಳಿಯಿಂದ ಹಾಡಿನ ವಂಶಾವಳಿಗೆ ಬಂದರೆ ನಕ್ಷೆಯೇ ಬದಲಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮ್ಯಾಸಬೇಡರು ಮನೆಯಲ್ಲಿ ಕನ್ನಡ ಬೆರೆತ ತೆಲುಗನ್ನು ಆಡುವವರು. ಊರುಬೇಡರಿಂದ ತಮ್ಮನ್ನು ಬೇರೆಯಾಗಿ ಎಣಿಸಿಕೊಳ್ಳುವ ಇವರಲ್ಲಿ ಬೆಡಗು, ಗುಡಿಕಟ್ಟು ಎಂಬ ಕಟ್ಟಳೆಗಳುಂಟು. ಗುಡಿಕಟ್ಟೆಂದರೆ ಒಂದು ದೇವರಿಗೆ ನಡೆದುಕೊಳ್ಳುವ ಮನೆಗಳ ಕೂಟ. ಆ ದೇವರು ಎಷ್ಟೋ ವೇಳೆ ಹಿಂದೊಮ್ಮೆ ದನಗಳನ್ನು ಕಾಯ್ದ, ದನಗಳಿಗಾಗಿ ಹೋರಾಡಿದ ಪೂರ್ವಿಕನೇ. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ ಮೊದಲಾದವರ ಕಥೆಗಳನ್ನು ಹಾಡಿಕೊಂಡು ಬಂದಿರುವುದು ಈ ಭಕ್ತಿಯಿಂದಲೇ. ದೇವರ ಎತ್ತುಗಳನ್ನು ಸಾಕುವ ಕಿಲಾರಿಗಳ ಬಾಯಲ್ಲಿ ದನಗಳ ಮಂದೆಗೂ ಮನೆತನಕ್ಕೂ ಕೂಡಿಯೇ ಚರಿತ್ರೆಯುಂಟು. ಇಂತಹ ನೆನಪಿನಲ್ಲಿ ಇಸವಿಯಿಲ್ಲ, ಸಿಂಹಾಸನವಿಲ್ಲ. ಹಳ್ಳ, ಹುಲ್ಲುಗಾವಲು, ದಡ್ಡಿ, ಗುಡ್ಡಗಳ ಹೆಸರುಗಳು ಮಾತ್ರ ಒಂದರ ಬೆನ್ನಿಗೊಂದು ಬರುತ್ತವೆ. ಕಾಲದ ಸರಣಿಗೆ ಬದಲಾಗಿ ಸ್ಥಳದ ಸರಣಿ ಇಲ್ಲಿಯ ಕ್ರಮ. ಜನರು ಯಾವ ದಾರಿಯಿಂದ ಬಂದು ಎಲ್ಲಿ ನೆಲೆನಿಂತರೆಂಬುದನ್ನು ಅರಿಯಲು ದುರ್ಗದ ಪಟ್ಟಿಗಿಂತ ಈ ಹಾಡುಗಳೇ ಹೆಚ್ಚು ಸಹಾಯಕವಾಗುವುವು.

ಕಾಡುಗೊಲ್ಲರ ಹಟ್ಟಿಗಳಲ್ಲಿಯೂ ಹೀಗೆಯೇ. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಮೊದಲಾದವರ ಪದಗಳು ಕುಲದ ಚರಿತ್ರೆಯೂ ದೇವರ ಸ್ತುತಿಯೂ ಆಗಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಬಾಯಿಂದ ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿದ ಪದಗಳು ಪ್ರಕಟವಾದ ಮೇಲೆ, ಓದುಬರಹವಿಲ್ಲದ ಒಬ್ಬ ಹೆಣ್ಣುಮಗಳ ನೆನಪು ಎಷ್ಟನ್ನು ಹೊರಬಲ್ಲುದೆಂಬುದು ಪಂಡಿತಲೋಕಕ್ಕೆ ಮನವರಿಕೆಯಾಯಿತು. ಇಲ್ಲಿ ವಿಮರ್ಶಕನು ಗಮನಿಸಬೇಕಾದ ಮುಖ್ಯ ಭೇದವೊಂದಿದೆ. ಕಡತದ ವಂಶಾವಳಿಯಲ್ಲಿ ತಂದೆ, ಮಗ, ಮೊಮ್ಮಗ ಎಂದು ಗಂಡಸರ ಹೆಸರುಗಳೇ ಸಾಲಾಗಿ ನಿಂತಿರುತ್ತವೆ. ಹೆಣ್ಣು ಬಂದರೆ ದತ್ತಕವೋ ವಿವಾದವೋ ನಡೆದ ಕಡೆಯಲ್ಲಿ ಮಾತ್ರ. ಹಾಡಿನಲ್ಲಾದರೋ ತಾಯಿ, ತಂಗಿ, ಸೊಸೆ, ತವರು ಎಲ್ಲವೂ ಉಂಟು. ಮನೆತನವೆಂಬುದು ಎರಡು ಕುಲಗಳ ಕೂಡುವಿಕೆಯೆಂಬುದು ಹಾಡಿದವರಿಗೆ ತಿಳಿದಷ್ಟು ಬರೆದವರಿಗೆ ತಿಳಿದಂತೆ ಕಾಣುವುದಿಲ್ಲ.

ಬರಹಕ್ಕೂ ಬಾಯಿಮಾತಿಗೂ ನಡುವೆ ನಿಲ್ಲುವ ಮೂರನೆಯ ಬಗೆಯೊಂದು ಇದೇ ತಾಲ್ಲೂಕಿನಲ್ಲಿ ದೊರೆಯುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಊರು ಕನ್ನಡಕ್ಕೆ ಒಂದು ವಿದ್ವಾಂಸರ ಮನೆತನವನ್ನೇ ಕೊಟ್ಟಿತು. ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣದರ್ಶನಂ’ ಕಾವ್ಯವನ್ನು ಅರ್ಪಿಸಿರುವುದು ಈ ಮನೆತನದ ತಳುಕಿನ ವೆಂಕಣ್ಣಯ್ಯನವರಿಗೆ. ಅವರ ತಮ್ಮಂದಿರಾದ ತ. ಸು. ಶಾಮರಾಯರು ‘ಮೂರು ತಲೆಮಾರು’ ಎಂಬ ಗ್ರಂಥದಲ್ಲಿ ಸ್ವಂತ ಮನೆಯ ವೃತ್ತಾಂತವನ್ನು ಬರೆದರು. ಆ ಹೆಸರಿನಲ್ಲಿಯೇ ಒಂದು ವಿವೇಕವಿದೆ. ಮೂಲಪುರುಷನನ್ನು ಋಷಿಗೋತ್ರದವರೆಗೆ ಏರಿಸುವ ಆಸೆಗೆ ಒಳಗಾಗದೆ, ಕಣ್ಣಿಂದ ಕಂಡವರು ಮತ್ತು ಕಂಡವರಿಂದ ಕೇಳಿದವರು ಎಂಬ ಎಲ್ಲೆಯೊಳಗೆ ಗ್ರಂಥವು ನಿಲ್ಲುತ್ತದೆ. ಹೆಳವನ ಮಾತು ಬಿಗಿಯಾಗಿರುವುದೂ ಇಷ್ಟೇ ಅವಧಿಗೆ ಎಂಬುದನ್ನು ಇಲ್ಲಿ ನೆನೆಯಬಹುದು. ಇದೇ ಮನೆಯ ಮುಂದಿನ ತಲೆಯವರು ಕಾದಂಬರಿಕಾರ ತ. ರಾ. ಸುಬ್ಬರಾಯರು. ತಳುಕಿನ ಸುಬ್ಬಣ್ಣನವರ ಮೊಮ್ಮಗನಿಗೆ ಸುಬ್ಬರಾಯನೆಂಬ ಹೆಸರು. ದುರ್ಗದ ನಾಯಕರಲ್ಲಿ ಮದಕರಿಯು ಮರಳಿ ಬಂದಂತೆ ಇಲ್ಲಿಯೂ ಹಿರಿಯರ ಹೆಸರು ಮರಳಿ ಬಂದಿದೆ. ಹೆಸರಿನ ಮುಂದಿನ ಎರಡು ಅಕ್ಷರಗಳಲ್ಲಿ ಊರೂ ತಂದೆಯೂ ಅಡಗಿರುವಾಗ, ಒಂದು ಹೆಸರೇ ಒಂದು ಕಿರಿಯ ವಂಶಾವಳಿಯಾಗುತ್ತದೆ.

೬

ಇವುಗಳಿಂದ ತೇಲುವ ನಿರ್ಣಯವಿದು. ಹವ್ಯಾಸಿಯ ವಂಶಸಂಶೋಧನೆಯ ಬೆಲೆಯು ಅವನ ಸಿದ್ಧಾಂತಕ್ಕಿಂತ ಅವನ ಸಂಗ್ರಹದಲ್ಲಿದೆ. ಮೂಲಪುರುಷನು ಎಲ್ಲಿಂದ ಬಂದನೆಂಬ ಅವನ ತೀರ್ಮಾನವು ಕಾಲಾಂತರದಲ್ಲಿ ಬಿದ್ದುಹೋಗಬಹುದು. ಒಂದು ಓಲೆಯ ಪ್ರತಿ, ಒಬ್ಬ ಮುದುಕಿಯ ಮಾತು, ಒಂದು ವೀರಗಲ್ಲಿನ ನೆಲೆ — ಇವನ್ನು ಅವನು ಗುರುತಿಸಿಟ್ಟಿದ್ದರೆ ಅವು ಬೀಳವು. ಆದುದರಿಂದಲೇ ಇಂತಹ ಕೆಲಸದಲ್ಲಿ ದೊಡ್ಡ ದೋಷವೆಂದರೆ ತಪ್ಪು ತೀರ್ಮಾನವಲ್ಲ. ಕೇಳಿದ ಹಲವು ಪಾಠಗಳನ್ನು ಹೊಂದಿಸಿ ಒಂದೇ ಕಥೆಯನ್ನಾಗಿ ಮಾಡಿ, ಉಳಿದುವನ್ನು ಬಿಸಾಡುವುದು. ಎರಡು ಮನೆಗಳವರು ಒಂದೇ ಪೂರ್ವಿಕನನ್ನು ಎರಡು ಬಗೆಯಾಗಿ ಹೇಳಿದರೆ, ಆ ಭಿನ್ನತೆಯಲ್ಲಿ ಅವರ ಹಳೆಯ ವ್ಯಾಜ್ಯವೋ ಹೊಸ ನೆಂಟಸ್ತಿಕೆಯೋ ಅಡಗಿರುತ್ತದೆ. ಅದನ್ನು ಅಳಿಸಿದವನು ಸಾಕ್ಷಿಯನ್ನೇ ಅಳಿಸಿದಂತಾಯಿತು.

ಇದು ಪಂಡಿತರ ವಿನೋದಕ್ಕೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯೂ ಅಲ್ಲ. ೨೧ನೆಯ ಶತಮಾನದ ಆರಂಭದ ದಶಕಗಳಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ವಹಿಸಿಕೊಟ್ಟಾಗ, ಅಲ್ಲಿ ದನ ಕುರಿ ಮೇಯಿಸಿಕೊಂಡಿದ್ದ ಹಳ್ಳಿಗಳವರು ನ್ಯಾಯಸ್ಥಾನದ ಮೆಟ್ಟಿಲೇರಬೇಕಾಯಿತು. ತಲತಲಾಂತರದಿಂದ ಬಂದ ಬಳಕೆಯೆಂಬ ಮಾತು ಬಾಯಲ್ಲಿದ್ದರೆ ಸಾಲದು. ಕಾಗದವು ಕೇಳುವ ಕಾಲದಲ್ಲಿ ಹಾಡಿನ ನೆನಪಿಗೆ ಸಾಕ್ಷಿಯ ಸ್ಥಾನವನ್ನು ದೊರಕಿಸಿಕೊಡುವುದು ವಿದ್ವಾಂಸರ ಹೊಣೆ. ಕೈಫಿಯತ್ತಿನ ಕಾಲದಲ್ಲಿ ಹೊಲದ ಎಲ್ಲೆಯು ವಂಶದ ಕಥೆಯೊಳಗೆ ಹೇಗೆ ಅಡಗಿತ್ತೋ ಹಾಗೆಯೇ ಈಚಿನ ಕಾಲದಲ್ಲಿಯೂ ಅಡಗಿದೆ.

ಈ ಎರಡು ತಾಲ್ಲೂಕುಗಳ ಶಾಲೆ ಕಾಲೇಜುಗಳ ಅಧ್ಯಾಪಕರಿಗೆ ಇಲ್ಲಿ ಮಾಡಬೇಕಾದ ಕೆಲಸವು ಹೇರಳವಾಗಿದೆ. ವೃದ್ಧರ ಹೇಳಿಕೆಯನ್ನು ಅವರಾಡುವ ನುಡಿಯಲ್ಲಿಯೇ, ತೆಲುಗಾದರೆ ತೆಲುಗಿನಲ್ಲಿಯೇ, ಕನ್ನಡ ಲಿಪಿಯಲ್ಲಿ ಬರೆದಿಡುವುದು. ಹೇಳಿದವರು ಯಾರು, ಯಾವ ಹಟ್ಟಿಯವರು, ಯಾವ ದಿನ ಹೇಳಿದರು ಎಂಬುದನ್ನು ಸೇರಿಸುವುದು. ಗಂಡಸರನ್ನು ಕೇಳಿದ ಮೇಲೆ ಅದೇ ಮನೆಯ ಹೆಂಗಸರನ್ನೂ ಕೇಳುವುದು. ಪಟ್ಟದ ಸಾಲನ್ನೂ ಸಂತತಿಯ ಸಾಲನ್ನೂ ಬೇರೆಬೇರೆಯಾಗಿ ಬರೆಯುವುದು. ಊರಿನ ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳೊಡನೆ ಹೋಲಿಸುವುದು — ಇಷ್ಟು ನಿಯಮಗಳನ್ನು ಪಾಲಿಸಿದರೆ ಹವ್ಯಾಸಿಯ ಸಂಗ್ರಹವು ಶಾಸ್ತ್ರಕ್ಕೆ ಆಧಾರವಾಗಿ ನಿಲ್ಲುವುದು. ಪುಟ್ಟಣ್ಣನವರೂ ಜೋಯಿಸರೂ ದುರ್ಗದ ಮನೆತನಕ್ಕಾಗಿ ಮಾಡಿದ ಕೆಲಸವನ್ನು ಹಟ್ಟಿಗಳ ಮನೆತನಗಳಿಗಾಗಿ ಮಾಡುವವರು ಇನ್ನೂ ಹಲವರು ಬೇಕಾಗಿದ್ದಾರೆ.